ಕೆಳಭಾಗದಲ್ಲಿ ಟಚ್ ಸತ್ತ ಫೋನು: ಬಿಚ್ಚೋಕೆ ಮುಂಚೆ ಮಾಡಿದ್ದು, ಬಿಚ್ಚಿದ್ಮೇಲೆ ಮಾಡಿದ್ದು

ಅಕ್ಕನ ಫೋನಿನ ಕೆಲಸ ಮುಗೀತು, ಮರೆಯೋದ್ರೊಳಗೆ ಬರೆದಿಡ್ತಿದೀನಿ. ಆಂಡ್ರಾಯ್ಡ್ ಫೋನು, ಎಲ್‌ಸಿಡಿ ಡಿಸ್‌ಪ್ಲೇ, ಉದ್ದಕ್ಕೆ 2400 ಪಿಕ್ಸೆಲ್ ಅಗಲಕ್ಕೆ 1080, ಅಂಟಿಸಿರೋ ಪ್ಲಾಸ್ಟಿಕ್ ಬ್ಯಾಕ್ ಕವರ್, ಪವರ್ ಬಟನ್ನಲ್ಲೇ ಫಿಂಗರ್‌ಪ್ರಿಂಟ್. ಯಾವಾಗ್ಲೋ ಕೆಳಗಿನ ಅಂಚು ನೆಲಕ್ಕೆ ತಾಗೋ ಹಾಗೆ ಬಿದ್ದಿತ್ತಂತೆ, ಗ್ಲಾಸ್ ಒಡೆದಿರ್ಲಿಲ್ಲ. ಆಮೇಲೆ ಕೀಬೋರ್ಡಲ್ಲಿ ಒಂದು ಸಾಲು ಮಾತ್ರ ಒತ್ತಿದ್ರೂ ಬರ್ತಿರ್ಲಿಲ್ಲ, ಸ್ಕ್ರೀನ್ ಆಫ್ ಮಾಡಿ ಆನ್ ಮಾಡಿದ್ರೆ ಬರ್ತಿತ್ತು, ಬರ್ತಾ ಬರ್ತಾ ಆ ಸಾಲು ಅಗಲ ಆಗಿ ಕೊನೆಗೆ ಸ್ಕ್ರೀನಿನ ಕೆಳಗಿನ ಮೂರನೇ ಒಂದು ಭಾಗ ಪೂರ್ತಿ ಸುಮ್ಮನಾಗೋಯ್ತು. ಚಿತ್ರದಲ್ಲಿ ಒಂದು ಗೆರೆ ಇಲ್ಲ, ಬಣ್ಣ ಬದಲಾಗಿಲ್ಲ. ಕಾಲ್ ಬಂದ್ರೆ ರಿಂಗ್ ಆಗುತ್ತೆ, ಎತ್ತೋಕಾಗಲ್ಲ, ಎತ್ತೋ ಬಟನ್ ಇರೋದೇ ಕೆಳಗೆ.

"ಫೋನ್ ಹೋದ್ರೆ ಹೋಗ್ಲಿ ಕಣೋ, ಫೋಟೋ ಉಳಿಸ್ಕೊಡು ಸಾಕು" ಅಂದ್ಲು ಅಕ್ಕ. ಹಾಗಾಗಿ ಕೆಲಸದ ಕ್ರಮ ಹೀಗಿಟ್ಕೊಂಡೆ: ಮೊದಲು ಡೇಟಾ, ಆಮೇಲೆ ಕೆಟ್ಟಿರೋದು ಯಾವ ಭಾಗ ಅಂತ ಹೊರಗಿಂದಾನೇ ಎಷ್ಟು ಗೊತ್ತಾಗುತ್ತೋ ಅಷ್ಟು, ಬಿಚ್ಚೋದು ಕಟ್ಟಕಡೆಗೆ. ಟಚ್ ಹೋಯ್ತು ಅಂದ ತಕ್ಷಣ ರೀಸ್ಟಾರ್ಟ್ ಮಾಡೋದು, ಅದರಲ್ಲಿ ಆಗ್ಲಿಲ್ಲ ಅಂದ್ರೆ ಫ್ಯಾಕ್ಟರಿ ರೀಸೆಟ್ ಮಾಡೋದು, ಅದೂ ಆಗ್ಲಿಲ್ಲ ಅಂದ್ರೆ ಡಿಸ್‌ಪ್ಲೇ ತರಿಸೋದು, ಎಲ್ರೂ ಹೇಳೋ ಕ್ರಮ ಇದು. ಈ ಫೋನಲ್ಲಿ ಹಾಗೆ ಮಾಡಿದ್ರೆ ಮೊದಲ ಹೆಜ್ಜೆಯಲ್ಲೇ ಫೋಟೋ ಕೈ ತಪ್ಪೋ ಸಾಧ್ಯತೆ ಇತ್ತು, ಯಾಕೆ ಅಂತ ಹಂತ 2ರಲ್ಲಿ ಹೇಳ್ತೀನಿ.

ಬಳಸಿದ ಸಾಮಾನು: ಟೈಪ್-ಸಿ ಓಟಿಜಿ ಅಡಾಪ್ಟರ್ (ಫೋನಿಗೆ ಮೌಸು, ಪೆನ್‌ಡ್ರೈವ್ ಸಿಕ್ಕಿಸೋಕೆ), ವೈರ್ ಇರೋ ಮೌಸ್, ಚಿಕ್ಕ ಯುಎಸ್‌ಬಿ ಹಬ್, ಪೆನ್‌ಡ್ರೈವ್, ಹೇರ್ ಡ್ರೈಯರ್, ತೆಳ್ಳಗಿನ ಪ್ಲಾಸ್ಟಿಕ್ ಪಿಕ್‌ಗಳು, ಸಕ್ಷನ್ ಕಪ್, ಪಿಎಚ್00 ಸ್ಕ್ರೂಡ್ರೈವರ್, ಪ್ಲಾಸ್ಟಿಕ್ ಸ್ಪಡ್ಜರ್ (ಕನೆಕ್ಟರ್ ಎತ್ತೋ ಚಪ್ಪಟೆ ಕಡ್ಡಿ), ಚಿಮಟ, ಶೇ. 99ರ ಐಸೋಪ್ರೊಪೈಲ್ ಆಲ್ಕೋಹಾಲ್, ಮೆತ್ತಗಿನ ಬ್ರಷ್, ಬಿ-7000 ಅಂಟು, ರಬ್ಬರ್ ಬ್ಯಾಂಡ್. ಕೊನೆಗೆ ಬೇಕಾಗಿದ್ದು ಕಂಡಕ್ಟಿವ್ ಬಟ್ಟೆ ಟೇಪು, ಅದು ಮೊದಲ ಪಟ್ಟಿಯಲ್ಲಿ ಇರ್ಲಿಲ್ಲ.

ಹಂತ 1: ಹೊರಗಿನ ಪರೀಕ್ಷೆ

ಚಾರ್ಜರ್ ಕಿತ್ತೆ, ಪೌಚ್ ತೆಗ್ದೆ, ಟೆಂಪರ್ಡ್ ಗ್ಲಾಸ್ ತೆಗ್ದೆ, ಆಲ್ಕೋಹಾಲ್ ಹಚ್ಚಿದ ಬಟ್ಟೇಲಿ ಒರೆಸಿ ಒಣಗಿಸ್ದೆ. ಗ್ಲಾಸ್ ಅಂಚಲ್ಲಿ ಗಾಳಿ ಸೇರಿದ್ರೆ, ಕೆಳಗೆ ತೇವ ಕೂತಿದ್ರೆ ಅಲ್ಲಷ್ಟೇ ಟಚ್ ತೆಗೆದುಕೊಳ್ಳಲ್ಲ, ಪೌಚ್ ಬಿಗಿ ಇದ್ರೆ ಅಂಚು ಒತ್ತಿ ಹಿಡಿದು ಅದರಷ್ಟಕ್ಕೆ ಅದೇ ಒತ್ತಿದ ಹಾಗಾಗುತ್ತೆ. ಚಾರ್ಜರ್ ಯಾಕೆ ಅಂದ್ರೆ ಅಗ್ಗದ ಚಾರ್ಜರುಗಳಿಂದ ಬರೋ ವಿದ್ಯುತ್ ಗಲಾಟೆ ಟಚ್ಚನ್ನ ಪೂರ್ತಿ ಹಾಳು ಮಾಡುತ್ತೆ, ಚಾರ್ಜಿಗೆ ಹಾಕಿದಾಗ ಮಾತ್ರ ಟಚ್ ಎಲ್ಲೆಲ್ಲೋ ಹೋಗುತ್ತೆ ಅನ್ನೋರು ಫೋನ್ ಬಿಚ್ಚೋಕೆ ಮುಂಚೆ ಬೇರೆ ಚಾರ್ಜರ್, ಬೇರೆ ಕೇಬಲ್ ಹಾಕಿ ನೋಡಿ.

ಇಲ್ಲೇ ಮಾಡ್ಲೇಬೇಕಾದ ಇನ್ನೊಂದಿದೆ. ಫೋನನ್ನ ಸಮ ಇರೋ ಮೇಜಿನ ಮೇಲೆ ಸ್ಕ್ರೀನ್ ಮೇಲೆ ಬರೋ ಹಾಗೆ ಇಟ್ಟು, ಮೂಲೆಗಳನ್ನ ಒಂದೊಂದಾಗಿ ಮೆಲ್ಲಗೆ ಒತ್ತಿ ನೋಡಿ. ಅಲುಗಾಡಿದ್ರೆ, ಅಥವಾ ಬದಿಯಲ್ಲಿ ಡಿಸ್‌ಪ್ಲೇ ಫ್ರೇಮಿಂದ ಎದ್ದು ಬಂದ ಹಾಗೆ ಕಂಡ್ರೆ ಬ್ಯಾಟರಿ ಉಬ್ಬಿರಬಹುದು, ಉಬ್ಬಿದ ಬ್ಯಾಟರಿ ಹಿಂದಿಂದ ಡಿಸ್‌ಪ್ಲೇನ ತಳ್ಳಿ ಟಚ್ ಕೆಡಿಸುತ್ತೆ. ಅಂಥಾ ಫೋನನ್ನ ಅಲ್ಲಿಗೇ ಆಫ್ ಮಾಡಿಡಿ, ಚಾರ್ಜ್ ಮಾಡ್ಬೇಡಿ, ಒತ್ತಿ ಕೂರಿಸೋಕೆ ಹೋಗ್ಬೇಡಿ, ಬಿಸಿಯಂತೂ ಮಾಡ್ಲೇಬೇಡಿ, ಬ್ಯಾಟರಿ ಕೆಲಸ ಗೊತ್ತಿರೋರ ಹತ್ರ ಕೊಡಿ. ಈ ಫೋನು ಸಮ ಇತ್ತು.

ಒರೆಸಿದ್ಮೇಲೂ ಕೆಳಭಾಗ ಹಾಗೇ ಇತ್ತು.

ಹಂತ 2: ರೀಸ್ಟಾರ್ಟ್ ಮಾಡ್ದೇ ಡೇಟಾ ತೆಗೆಯೋದು

ಫೋನ್ ಆನ್ ಇತ್ತು, ಆನ್ ಆದ್ಮೇಲೆ ಯಾವಾಗ್ಲೋ ಒಮ್ಮೆ ಪಿನ್ ಹಾಕಿ ಅನ್‌ಲಾಕ್ ಆಗಿತ್ತು, ಹಾಗಾಗಿ ಫಿಂಗರ್‌ಪ್ರಿಂಟ್ ಇಟ್ರೆ ತೆಗೀತಿತ್ತು. ರೀಸ್ಟಾರ್ಟ್ ಮಾಡಿದ್ರೆ ಈ ಅನುಕೂಲ ಹೋಗುತ್ತೆ. ಆನ್ ಆದ್ಮೇಲೆ ಮೊದಲ ಸಲ ಪಿನ್ನೇ ಬೇಕು, ಫಿಂಗರ್‌ಪ್ರಿಂಟ್ ಒಪ್ಪಲ್ಲ, ಪಿನ್ ಹಾಕೋವರೆಗೂ ಒಳಗಿನ ಫೈಲುಗಳು ಎನ್‌ಕ್ರಿಪ್ಟ್ ಆಗೇ ಇರ್ತವೆ. ಪಿನ್ನಿನ ನಂಬರುಗಳು ಬರೋದು ಸ್ಕ್ರೀನಿನ ಕೆಳಭಾಗದಲ್ಲಿ, ಸತ್ತಿರೋದೂ ಅದೇ ಭಾಗ. ಅದಕ್ಕೇ ಹೇಳಿದ್ದು, ಅರ್ಧ ಟಚ್ ಹೋಗಿರೋ ಫೋನು ಅನ್‌ಲಾಕ್ ಆಗೋ ಸ್ಥಿತೀಲಿದ್ರೆ ಅದನ್ನ ಆಫ್ ಮಾಡೋಕೆ ಮುಂಚೆ ಯೋಚನೆ ಮಾಡಿ.

ಓಟಿಜಿ ಹಾಕಿ ಮೌಸ್ ಚುಚ್ಚಿದೆ. ಮೌಸಿನ ಲೈಟೂ ಹತ್ತಲಿಲ್ಲ, ಬಾಣವೂ ಬರ್ಲಿಲ್ಲ. ಅಡಾಪ್ಟರ್ ಹೋಗಿದೆ ಅಂತ ಬೇರೆ ಅಡಾಪ್ಟರ್ ಹಾಕ್ದೆ, ಅದೂ ಅಷ್ಟೇ. ಆಮೇಲೆ ಹೊಳೀತು, ಕೆಲವು ಕಂಪನಿ ಫೋನುಗಳಲ್ಲಿ ಓಟಿಜಿಗೆ ಸೆಟ್ಟಿಂಗ್ಸಲ್ಲಿ ಬೇರೆ ಸ್ವಿಚ್ ಇರುತ್ತೆ, ಆನ್ ಮಾಡಿದ್ರೂ ಹತ್ತು ನಿಮಿಷ ಬಳಸ್ಲಿಲ್ಲ ಅಂದ್ರೆ ಅದರಷ್ಟಕ್ಕೆ ಅದೇ ಆಫ್ ಆಗುತ್ತೆ. ಮೌಸ್ ಬೇಕಂದ್ರೆ ಆ ಸ್ವಿಚ್ ಆನ್ ಮಾಡ್ಬೇಕು, ಸ್ವಿಚ್ ಆನ್ ಮಾಡೋಕೆ ಟಚ್ ಬೇಕು.

ಇಲ್ಲಿ ಕೆಲಸಕ್ಕೆ ಬಂದಿದ್ದು ಆಟೋ ರೊಟೇಟ್. ನೋಟಿಫಿಕೇಶನ್ ಪರದೆ ಮೇಲಿಂದ ಎಳೆಯೋದು, ಆ ಭಾಗ ಚೆನ್ನಾಗಿತ್ತು, ರೊಟೇಟ್ ಬಟನ್ನೂ ಅಲ್ಲೇ ಸಿಕ್ತು. ಸೆಟ್ಟಿಂಗ್ಸ್ ತೆರೆದು ಫೋನನ್ನ ಅಡ್ಡ ಹಿಡಿದ್ರೆ ಸತ್ತಿರೋ ಭಾಗ ಕೆಳಗಿರಲ್ಲ, ಒಂದು ಪಕ್ಕಕ್ಕೆ ಹೋಗುತ್ತೆ. ಚಾರ್ಜಿಂಗ್ ಪೋರ್ಟ್ ಬಲಕ್ಕೆ ಬರೋ ಹಾಗೆ ಹಿಡಿದಾಗ ಕೀಬೋರ್ಡಿನ ಬಲಗಡೆ ಕೀಗಳು ಸತ್ತವು, 'ಓ' ಅಕ್ಷರ ಅಲ್ಲೇ ಇತ್ತು. ತಿರುಗಿಸಿ ಪೋರ್ಟ್ ಎಡಕ್ಕೆ ಬರೋ ಹಾಗೆ ಹಿಡಿದೆ, ಆಗ ಸತ್ತಿದ್ದು 'ಕ್ಯೂ', 'ಡಬ್ಲ್ಯೂ', 'ಇ' ಕಡೆಯವು, 'ಓ', 'ಟಿ', 'ಜಿ' ಮೂರೂ ಬದುಕಿರೋ ಜಾಗಕ್ಕೆ ಬಂದ್ವು. ಸೆಟ್ಟಿಂಗ್ಸ್ ಹುಡುಕಾಟದಲ್ಲಿ ಟೈಪ್ ಮಾಡ್ದೆ, ಓಟಿಜಿ ಸ್ವಿಚ್ ಸಿಕ್ತು, ಆನ್ ಮಾಡ್ದೆ, ಮೌಸಿನ ಬಾಣ ಸ್ಕ್ರೀನ್ ಮಧ್ಯದಲ್ಲಿ ಬಂತು. ಅರ್ಧ ಟಚ್ ಹೋಗಿರೋ ಯಾವ ಫೋನಿಗಾದ್ರೂ ಈ ಉಪಾಯ ನಡೆಯುತ್ತೆ, ಬೇಕಾದ ಬಟನ್ ಸತ್ತ ಜಾಗದಲ್ಲಿದ್ರೆ ಫೋನ್ ತಿರುಗಿಸಿ ಬಟನ್ನನ್ನೇ ಬದುಕಿರೋ ಜಾಗಕ್ಕೆ ತರ್ಬೋದು. ಲಾಕ್ ಸ್ಕ್ರೀನ್ ಮಾತ್ರ ಸಾಮಾನ್ಯವಾಗಿ ತಿರುಗಲ್ಲ, ಅದು ನೆನಪಿರ್ಲಿ.

ಪೋರ್ಟ್ ಇರೋದು ಒಂದೇ, ಮೌಸೂ ಬೇಕು ಪೆನ್‌ಡ್ರೈವೂ ಬೇಕು, ಹಾಗಾಗಿ ಓಟಿಜಿಗೆ ಹಬ್ ಹಾಕಿ ಎರಡನ್ನೂ ಅದಕ್ಕೆ ಸಿಕ್ಕಿಸ್ದೆ. ಫೈಲ್ ಮ್ಯಾನೇಜರಲ್ಲಿ ಫೋಟೋ ಫೋಲ್ಡರು, ವಾಟ್ಸಾಪ್ ಫೋಲ್ಡರು, ಡೌನ್‌ಲೋಡ್ಸು ಎಲ್ಲಾ ಕಾಪಿ ಆಯ್ತು. ಒಂದು ವಿಡಿಯೋ ಮಾತ್ರ ಎಷ್ಟು ಮಾಡಿದ್ರೂ ಅರ್ಧಕ್ಕೆ ನಿಲ್ತಿತ್ತು, ಪೆನ್‌ಡ್ರೈವ್ ಫ್ಯಾಟ್32 ಫಾರ್ಮ್ಯಾಟಲ್ಲಿ ಇತ್ತು, ಅದು 4 ಜಿಬಿಗಿಂತ ದೊಡ್ಡ ಫೈಲ್ ತೆಗೆದುಕೊಳ್ಳಲ್ಲ. ಆ ವಿಡಿಯೋನ ಫೋನಲ್ಲೇ ಎರಡು ತುಂಡು ಮಾಡಿ ಕಳಿಸ್ದೆ. ಇನ್ನೊಂದು, ಹಬ್ಬಿಗೆ ಕರೆಂಟ್ ಹೋಗೋದು ಫೋನಿನ ಬ್ಯಾಟರಿಯಿಂದ, ಹಾಗಾಗಿ ಚಾರ್ಜ್ ತುಂಬಿರೋವಾಗ್ಲೇ ಶುರುಮಾಡಿ. ಬ್ಲೂಟೂತ್ ಮೌಸ್ ಇದ್ರೆ ಇನ್ನೂ ಒಳ್ಳೇದು, ಓಟಿಜಿ ಸ್ವಿಚ್ಚಿನ ಗೊಡವೇನೇ ಇಲ್ಲ, ಪೋರ್ಟೂ ಖಾಲಿ ಇರುತ್ತೆ.

ಐಫೋನ್ ಇರೋರಿಗೆ ಎರಡು ಮಾತು. ಅಲ್ಲಿ ಮೌಸ್ ನಡೀಬೇಕಂದ್ರೆ ಐಓಎಸ್ 13 ಅಥವಾ ಅದಕ್ಕಿಂತ ಮೇಲಿರಬೇಕು, ಅಸಿಸ್ಟಿವ್‌ಟಚ್ ಅನ್ನೋ ಸೆಟ್ಟಿಂಗ್ ಆನ್ ಇರ್ಬೇಕು. ವಾಯ್ಸ್ ಕಂಟ್ರೋಲ್ ಅಂತ ಒಂದಿದೆ, ಸಿರಿಗೆ ಹೇಳಿ ಆನ್ ಮಾಡಿಸ್ಬೋದು, ಬಾಯಲ್ಲೇ ಬಟನ್ ಒತ್ತಿಸ್ಬೋದು. ಇನ್ನು ಟಚ್ ಸತ್ತಿಲ್ಲ, ತಾನೇ ತಾನಾಗಿ ಒತ್ತಿಕೊಳ್ತಿದೆ ಅಂತಾದ್ರೆ, ಘೋಸ್ಟ್ ಟಚ್ ಅಂತಾರಲ್ಲ ಅದು, ಆ ಫೋನನ್ನ ಲಾಕ್ ಸ್ಕ್ರೀನಲ್ಲಿ ಹಾಗೇ ಬಿಟ್ಟು ಹೋಗ್ಬೇಡಿ. ಅದೇ ತಪ್ಪು ಪಿನ್ ಮೇಲೆ ತಪ್ಪು ಪಿನ್ ಒತ್ತಿ ಫೋನನ್ನ ಲಾಕ್ ಮಾಡಿಬಿಡುತ್ತೆ, ಹತ್ತು ತಪ್ಪಿಗೆ ಡೇಟಾ ಅಳಿಸೋ ಸೆಟ್ಟಿಂಗ್ ಆನ್ ಇದ್ರೆ ಐಫೋನು ಅದನ್ನೂ ಮಾಡುತ್ತೆ.

ಹಂತ 3: ಸಾಫ್ಟ್‌ವೇರೋ ಹಾರ್ಡ್‌ವೇರೋ

ರೀಸ್ಟಾರ್ಟ್ ಮಾಡೋಕೆ ಮುಂಚೆ ಮೌಸಲ್ಲೇ ಪಿನ್ ಹಾಕಿ ಸ್ಕ್ರೀನ್ ಲಾಕ್ ತೆಗೆದು 'None', ಅಂದ್ರೆ ಲಾಕೇ ಇಲ್ಲ ಅಂತ ಮಾಡ್ದೆ. ಕಾರಣ, ರೀಸ್ಟಾರ್ಟ್ ಆದ್ರೆ ಓಟಿಜಿ ಸ್ವಿಚ್ ಮತ್ತೆ ಆಫ್, ಆಗ ಪಿನ್ ಸ್ಕ್ರೀನ್ ಮುಂದೆ ಮೌಸೂ ಇಲ್ಲ ಟಚ್ಚೂ ಇಲ್ಲ. ಲಾಕ್ ತೆಗೆದ್ರೆ ಉಳಿಸಿದ್ದ ಫಿಂಗರ್‌ಪ್ರಿಂಟ್‌ಗಳೂ ಹೋಗ್ತವೆ, ಆಮೇಲೆ ಹೊಸದಾಗಿ ಕೊಡ್ಬೇಕು.

ಪವರ್ ಮತ್ತು ವಾಲ್ಯೂಮ್ ಡೌನ್ ಒಟ್ಟಿಗೆ ಒತ್ತಿ ಹಿಡಿದು ಫೋರ್ಸ್ ರೀಸ್ಟಾರ್ಟ್. ಐಫೋನ್ 8 ಮತ್ತು ಆಮೇಲಿನವಕ್ಕೆ ವಾಲ್ಯೂಮ್ ಅಪ್ ಒತ್ತಿ ಬಿಡಿ, ವಾಲ್ಯೂಮ್ ಡೌನ್ ಒತ್ತಿ ಬಿಡಿ, ಸೈಡ್ ಬಟನ್ ಹಿಡ್ಕೊಳ್ಳಿ, ಲೋಗೋ ಬರೋವರೆಗೂ ಬಿಡ್ಬೇಡಿ. ಈ ಫೋನಲ್ಲಿ ಏನೂ ಬದಲಾಗ್ಲಿಲ್ಲ. ಸೇಫ್ ಮೋಡ್, ಅಂದ್ರೆ ಹಾಕಿಕೊಂಡಿರೋ ಆ್ಯಪ್‌ಗಳು ಯಾವೂ ಓಡದ ಸ್ಥಿತಿ, ಅದರಲ್ಲೂ ಹಾಗೇ. ರಿಕವರಿ ಮೋಡಿಗೆ, ಅಂದ್ರೆ ಫೋನ್ ಕೆಟ್ಟಾಗ ಸರಿಮಾಡೋಕೆ ಇರೋ ಬೇರೆ ಮೆನುಗೆ ಹೋದೆ, ಈ ಫೋನಿನ ರಿಕವರೀಲಿ ಟಚ್ ಇದೆ, ಅಲ್ಲೂ ಮೇಲಿನ ಮೆನು ಒತ್ತಬಹುದು ಕೆಳಗಿನದು ಆಗಲ್ಲ. ಅಲ್ಲಿ ಆಂಡ್ರಾಯ್ಡೇ ಓಡ್ತಿಲ್ಲ, ಅಂದ್ಮೇಲೆ ಯಾವ ಆ್ಯಪಿನ ಮೇಲೂ ತಪ್ಪು ಹೊರಿಸೋಕಾಗಲ್ಲ. ರಿಕವರೀಲಿ ಡೇಟಾ ಅಳಿಸೋ ಆಯ್ಕೆ ಪಕ್ಕದಲ್ಲೇ ಇರುತ್ತೆ, ರೀಬೂಟ್ ಒಂದನ್ನೇ ಒತ್ತಿ ಹೊರಗೆ ಬನ್ನಿ.

ಆಮೇಲೆ ಸತ್ತ ಜಾಗದ ನಕ್ಷೆ. ಸೆಟ್ಟಿಂಗ್ಸಲ್ಲಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದ್ರೆ ಡೆವಲಪರ್ ಆಪ್ಷನ್ಸ್ ಬರುತ್ತೆ, ಅದರೊಳಗೆ ಪಾಯಿಂಟರ್ ಲೊಕೇಶನ್ ಆನ್ ಮಾಡಿದ್ರೆ ಬೆರಳು ಹೋದ ಕಡೆ ಗೆರೆ ಬೀಳುತ್ತೆ, ಮೇಲ್ಗಡೆ ಎಕ್ಸ್ ವೈ ಅಂಕಿ ಓಡುತ್ತೆ, ವೈ ಅಂದ್ರೆ ಮೇಲಿಂದ ಎಷ್ಟನೇ ಪಿಕ್ಸೆಲ್ ಅಂತ. ಸ್ಯಾಮ್‌ಸಂಗ್ ಆದ್ರೆ ಡಯಲರಲ್ಲಿ *#0*# ಒತ್ತಿದ್ರೂ ಪರೀಕ್ಷೆ ಮೆನು ಬರುತ್ತೆ. ಬೆರಳನ್ನ ಮೇಲಿಂದ ಕೆಳಕ್ಕೆ ಒಂದೇ ವೇಗದಲ್ಲಿ ಎಳೀತಾ ಬಂದೆ, ಎಡ ಅಂಚಿಂದ ಬಲ ಅಂಚಿನವರೆಗೂ ಒಂದರ ಪಕ್ಕ ಒಂದು ಗೆರೆ. ಎಲ್ಲಾ ಗೆರೆಗಳೂ ವೈ 1600ರ ಹತ್ರ ನಿಂತವು, ಸ್ಕೇಲ್ ಇಟ್ಟು ಕತ್ತರಿಸಿದ ಹಾಗೆ, ಒಂದು ಮೇಲೆ ಒಂದು ಕೆಳಗೆ ಅನ್ನೋದಿಲ್ಲ. ನನಗೆ ಬಹಳ ಮುಖ್ಯ ಅನಿಸಿದ್ದು ಇದೇ. ಕೊಳೆ, ನೀರು, ಸ್ಕ್ರೀನ್ ಗಾರ್ಡು, ಇವುಗಳಿಂದ ಕೆಟ್ಟ ಜಾಗ ಅಂಕುಡೊಂಕಾಗಿರುತ್ತೆ, ನೇರ ಗೆರೆ ಬರಲ್ಲ. ಟಚ್ ಪದರದೊಳಗೆ ಅಡ್ಡಡ್ಡ ಉದ್ದುದ್ದ ಎಳೆಗಳಿರ್ತವೆ, ಒಂದಷ್ಟು ಅಡ್ಡ ಎಳೆಗಳ ಸಂಪರ್ಕ ಕಡಿದಾಗ ಹೀಗೆ ನೇರವಾದ ಪಟ್ಟಿ ಸಾಯುತ್ತೆ.

ಖಚಿತ ಮಾಡ್ಕೊಳ್ಳೋಕೆ ಯುಎಸ್‌ಬಿ ಡೀಬಗ್ಗಿಂಗ್ (ಕಂಪ್ಯೂಟರಿಂದ ಫೋನಿನ ಒಳಗೆ ನೋಡೋಕೆ ಬಿಡೋ ಸೆಟ್ಟಿಂಗ್) ಆನ್ ಮಾಡಿ ಕಂಪ್ಯೂಟರಿಗೆ ಹಾಕ್ದೆ, ಅನುಮತಿ ಕೇಳೋ ಪೆಟ್ಟಿಗೆ ಬಂದಾಗ ಮತ್ತೆ ಫೋನ್ ಅಡ್ಡ ಹಿಡಿದು ಒತ್ತಿದೆ. ಕಂಪ್ಯೂಟರಲ್ಲಿ 'adb shell getevent -l' ಅನ್ನೋ ಆಜ್ಞೆ ಓಡಿಸಿ ಬೆರಳಾಡಿಸಿದ್ರೆ ಮೇಲ್ಭಾಗದಲ್ಲಿ ಸಾಲುಸಾಲಾಗಿ ಅಂಕಿ ಬರ್ತವೆ, ವೈ ಬೆಲೆ ಹೆಕ್ಸಲ್ಲಿ 640ರ ಹತ್ರ ಬಂದ ತಕ್ಷಣ ನಿಲ್ತವೆ, ಹೆಕ್ಸ್, ಅಂದ್ರೆ ಹದಿನಾರರ ಲೆಕ್ಕದಲ್ಲಿ, 640 ಅಂದ್ರೆ ನಮ್ಮ 1600. ಅದರ ಕೆಳಗೆ ಎಷ್ಟು ಒತ್ತಿದ್ರೂ ಒಂದು ಸಾಲೂ ಇಲ್ಲ. ಅಂದ್ರೆ ಟಚ್ ಚಿಪ್ಪಿಂದಾನೇ ಸುದ್ದಿ ಬರ್ತಿಲ್ಲ. ಇಷ್ಟು ಗೊತ್ತಾದ್ಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ ಪ್ರಯೋಜನ ಇಲ್ಲ ಅಂತ ಬಿಟ್ಟೆ. ಕ್ಯಾಲಿಬ್ರೇಶನ್ ಆ್ಯಪ್‌ಗಳನ್ನೂ ಹಾಕ್ಲಿಲ್ಲ, ಬರದೇ ಇರೋ ಸಿಗ್ನಲ್ಲನ್ನ ಯಾವ ಆ್ಯಪೂ ತರೋಕಾಗಲ್ಲ. ಅಕ್ಕಿ ಡಬ್ಬಿ, ಫ್ರಿಜ್ಜು, ಅಂಗೈಲಿ ತಟ್ಟೋದು ಇಂಥವನ್ನ ಯಾರು ಹೇಳಿದ್ರೂ ಮಾಡ್ಬೇಡಿ, ಫ್ರಿಜ್ಜಲ್ಲಿಟ್ರೆ ಹೊರಗೆ ತೆಗೆದಾಗ ಒಳಗೆ ತೇವ ಕಟ್ಟುತ್ತೆ.

ಒಂದು ಕುರುಹು ಇನ್ನೂ ಸಿಕ್ತು. ಸ್ಕ್ರೀನಿನ ಕೆಳ ಅಂಚನ್ನ ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ ಹಿಡಿದು ಇನ್ನೊಂದು ಕೈಲಿ ಗೆರೆ ಎಳೆದ್ರೆ ಗೆರೆ 1600 ದಾಟಿ ಸ್ವಲ್ಪ ಕೆಳಗೆ ಬರ್ತಿತ್ತು, ಬಿಟ್ರೆ ಮತ್ತೆ ಅಲ್ಲೇ. ಎಲ್‌ಸಿಡಿ ಫೋನುಗಳಲ್ಲಿ ಡಿಸ್‌ಪ್ಲೇ ಸ್ಟ್ರಿಪ್ಪು, ಅಂದ್ರೆ ತೆಳ್ಳಗಿನ ಫ್ಲೆಕ್ಸು, ಸಾಮಾನ್ಯವಾಗಿ ಗಾಜಿಗೆ ಅಂಟಿರೋದು ಆ ಕೆಳ ಅಂಚಲ್ಲೇ, ಫೋನ್ ಬಿದ್ದು ಪೆಟ್ಟಾಗಿದ್ದೂ ಅಲ್ಲೇ.

ಹಂತ 4: ಬಿಚ್ಚಿದ್ದು, ಕನೆಕ್ಟರ್ ಮತ್ತೆ ಕೂರಿಸಿದ್ದು

ಬಿಚ್ಚೋಕೆ ಮುಂಚೆ ಕಂಪನಿಯವರೇ ಉಚಿತವಾಗಿ ಬದಲಾಯಿಸ್ತಾರಾ ಅಂತ ಸೀರಿಯಲ್ ನಂಬರ್ ಹಾಕಿ ನೋಡಿ. ಐಫೋನ್ ಎಕ್ಸಿನ ಟಚ್ ತೊಂದರೆಗೆ 2018ರಲ್ಲಿ, ಐಫೋನ್ 11ರ ಕೆಲವು ಫೋನುಗಳಿಗೆ 2020ರಲ್ಲಿ ಆ್ಯಪಲ್ ಹಾಗೆ ಬದಲಾಯಿಸಿ ಕೊಟ್ಟಿತ್ತು. ಇನ್ನು ಐಫೋನ್ 6 ಪ್ಲಸ್ಸಿನ ಟಚ್ ತೊಂದರೆ ಬೇರೆ ತರದ್ದು, ಮೇಲ್ಗಡೆ ಬೂದು ಪಟ್ಟಿ ಮಿನುಗಿ ಟಚ್ ನಿಲ್ಲೋದು, ಅದು ಬೋರ್ಡ್ ಬಾಗಿ ಟಚ್ ಚಿಪ್ಪಿನ ಬೆಸುಗೆ ಬಿಡ್ತಿದ್ದದ್ದು, ಎಷ್ಟು ಹೊಸ ಡಿಸ್‌ಪ್ಲೇ ಹಾಕಿದ್ರೂ ಹೋಗ್ತಿರ್ಲಿಲ್ಲ. ನಮ್ಮ ಫೋನಿಗೆ ವಾರಂಟಿ ಮುಗಿದಿತ್ತು, ಅಂಥಾ ಯೋಜನೆಯೂ ಇರ್ಲಿಲ್ಲ.

ಬ್ಯಾಟರಿ ಶೇ. 25ಕ್ಕಿಂತ ಕೆಳಗೆ ಇಳಿಯೋವರೆಗೂ ಕಾದು ಫೋನ್ ಆಫ್ ಮಾಡ್ದೆ, ಸಿಮ್ ಟ್ರೇ ಹೊರಗೆ ತೆಗ್ದೆ, ಟ್ರೇ ಒಳಗಿದ್ರೆ ಕವರ್ ಎತ್ತೋವಾಗ ಸಿಕ್ಕಾಕ್ಕೊಳ್ಳುತ್ತೆ. ಹೇರ್ ಡ್ರೈಯರನ್ನ ಅಂಚಿನ ಸುತ್ತ ಆಡಿಸ್ತಾ, ಒಂದೇ ಕಡೆ ನಿಲ್ಲಿಸದೇ, ಮಧ್ಯದಲ್ಲಿ ಬ್ಯಾಟರಿ ಇರೋ ಕಡೆಗೆ ಹೋಗದೇ ಬಿಸಿ ಮಾಡ್ದೆ. ಸಕ್ಷನ್ ಕಪ್ಪಲ್ಲಿ ಎಳೆದು ಸಣ್ಣ ಸಂದಿ ಬಿಟ್ಟ ತಕ್ಷಣ ಪಿಕ್ ತೂರಿಸಿ, ಎರಡು ಮೂರು ಮಿಲಿಮೀಟರಿಗಿಂತ ಒಳಗೆ ಹೋಗದೇ ಸುತ್ತಲೂ ಜಾರಿಸಿದೆ. ಗಟ್ಟಿ ಅನಿಸಿದ ಕಡೆ ಬಲ ಹಾಕ್ಬೇಡಿ, ಮತ್ತೆ ಬಿಸಿ ಮಾಡಿ.

ಸ್ಕ್ರೂಗಳ ವಿಷಯದಲ್ಲಿ ಅವಸರ ಬೇಡ. ಒಂದು ಹಾಳೆ ಮೇಲೆ ಫೋನಿನ ಆಕಾರ ಬರೆದು, ಎಲ್ಲಿಂದ ತೆಗೆದ ಸ್ಕ್ರೂ ಅಲ್ಲೇ ಟೇಪ್ ಹಚ್ಚಿ ಅಂಟಿಸ್ದೆ. ನೋಡೋಕೆ ಒಂದೇ ತರ ಇದ್ರೂ ಉದ್ದ ಬೇರೆ ಬೇರೆ, ಗಿಡ್ಡ ಸ್ಕ್ರೂ ಜಾಗಕ್ಕೆ ಉದ್ದದ್ದು ಹಾಕಿದ್ರೆ ಅದು ಬೋರ್ಡಿನ ಒಳಗಿನ ಎಳೆ ಕಡಿದುಬಿಡುತ್ತೆ, ಆಗ ಟಚ್ ಕೆಟ್ಟ ಫೋನು ಸತ್ತ ಫೋನಾಗುತ್ತೆ.

ಮುಚ್ಚಳ ತೆಗೆದ ಮೇಲೆ ಮೊದಲ ಕೆಲಸ ಬ್ಯಾಟರಿ ಕನೆಕ್ಟರ್ ಎತ್ತೋದು, ಪ್ಲಾಸ್ಟಿಕ್ ಸ್ಪಡ್ಜರಲ್ಲಿ, ಲೋಹದ್ದು ಬೇಡ. ಆಮೇಲೆ ಡಿಸ್‌ಪ್ಲೇ ಕನೆಕ್ಟರ್. ಭೂತಗನ್ನಡಿಯಲ್ಲಿ ನೋಡ್ದೆ, ಹಸಿರು ಅಥವಾ ಬಿಳಿ ತುಕ್ಕು ಇಲ್ಲ, ಬಾಗಿದ ಪಿನ್ ಇಲ್ಲ. ಆದ್ರೂ ಎರಡೂ ಕಡೆ ಆಲ್ಕೋಹಾಲ್ ಹಚ್ಚಿ ಬ್ರಷ್ ಮಾಡಿ ಪೂರ್ತಿ ಆರಿದ್ಮೇಲೆ ಕೂರಿಸ್ದೆ. ಒಂದು ತುದಿ ಹೊಂದಿಸಿ ಒತ್ತಿ ಆಮೇಲೆ ಇನ್ನೊಂದು ತುದಿ, ಸರಿಯಾಗಿ ಕೂತ್ರೆ ಬೆರಳಿಗೇ ಟಕ್ ಅಂತ ಗೊತ್ತಾಗುತ್ತೆ. ಬ್ಯಾಟರಿ ಹಾಕಿ ಆನ್ ಮಾಡ್ದೆ.

ಅದೇ 1600. ಇದು ಫಲ ಕೊಡ್ಲಿಲ್ಲ. ಟಚ್ ಪೂರ್ತಿ ಹೋಗಿದ್ದು ಆಗಾಗ ತಾನೇ ಬರ್ತಿದ್ರೆ ಕನೆಕ್ಟರ್ ಮತ್ತೆ ಕೂರಿಸೋದ್ರಿಂದಾನೇ ಎಷ್ಟೋ ಫೋನು ಸರಿ ಹೋಗ್ತವೆ, ಹಾಗಾಗಿ ಡಿಸ್‌ಪ್ಲೇ ತರಿಸೋಕೆ ಮುಂಚೆ ಇದನ್ನ ಮಾಡ್ಲೇಬೇಕು. ಆದ್ರೆ ಒಂದು ಪಟ್ಟಿ ಮಾತ್ರ ಸತ್ತು, ಜಾಗ ಬದಲಾಯಿಸದೇ ಅಲ್ಲೇ ಇದ್ರೆ ತೊಂದರೆ ಪ್ಯಾನಲ್ಲಲ್ಲೋ, ಪ್ಯಾನಲ್ಲಿಗೆ ಸ್ಟ್ರಿಪ್ ಅಂಟಿರೋ ಜಾಗದಲ್ಲೋ ಇರೋದೇ ಹೆಚ್ಚು. ಆ ಅಂಟನ್ನ ಮತ್ತೆ ಮಾಡೋಕೆ ಬಾಂಡಿಂಗ್ ಮಷೀನ್ ಬೇಕು, ಕೈಯಲ್ಲಿ ಆಗೋ ಕೆಲಸ ಅಲ್ಲ.

ಹಂತ 5: ಹೊಸ ಡಿಸ್‌ಪ್ಲೇ

ತರಿಸೋವಾಗ ಫೋನಿನ ಹೆಸರು ನೋಡಿ ತರಿಸ್ಬೇಡಿ, ಸೆಟ್ಟಿಂಗ್ಸಿನ ಅಬೌಟಲ್ಲಿರೋ ಮಾಡೆಲ್ ನಂಬರ್ ಕೊಡಿ, ಒಂದೇ ಹೆಸರಿನ ಫೋನಿಗೆ ಎರಡು ಮೂರು ಬೇರೆ ಪ್ಯಾನಲ್ ಇರ್ತವೆ. ಫ್ರೇಮ್ ಸಮೇತ ಬರೋ ಫೋಲ್ಡರ್ (ಅಂಗಡಿಯೋರು ಡಿಸ್‌ಪ್ಲೇ ಸೆಟ್ಟಿಗೆ ಹೇಳೋ ಹೆಸರು) ಸಿಕ್ರೆ ಅದನ್ನೇ ತಗೊಳ್ಳಿ, ಅಂಟಿನ ಕೆಲಸ ಉಳಿಯುತ್ತೆ, ಬಾಗಿದ ಫ್ರೇಮಿನ ತೊಂದರೆಯೂ ಇಲ್ಲ, ಅದರ ಬದಲು ಬ್ಯಾಟರಿ ಬೋರ್ಡ್ ಎಲ್ಲಾ ಹೊಸ ಫ್ರೇಮಿಗೆ ಸಾಗಿಸ್ಬೇಕು. ನನಗೆ ಸಿಕ್ಕಿದ್ದು ಫ್ರೇಮ್ ಇಲ್ಲದ್ದು. ಓಎಲ್‌ಇಡಿ ಫೋನಿಗೆ ಎಲ್‌ಸಿಡಿ ಕಾಪಿ ಹಾಕೋರು ಒಂದು ತಿಳ್ಕೊಳ್ಳಿ, ಸ್ಕ್ರೀನಿನ ಕೆಳಗೆ ಆಪ್ಟಿಕಲ್ ಫಿಂಗರ್‌ಪ್ರಿಂಟ್ ಇದ್ರೆ ಅದು ಆ ಕಾಪಿ ಮೂಲಕ ಓದಲ್ಲ.

ಹಳೇದನ್ನ ಕೀಳೋಕೆ ಮುಂಚೆ ಹೊಸದನ್ನ ಹೊರಗಿಂದಾನೇ ಬೋರ್ಡಿಗೆ ಸಿಕ್ಕಿಸಿ ನೋಡ್ದೆ. ಮೇಲಿಂದ ಕೆಳಗಿನವರೆಗೂ ಗೆರೆ ನಿಲ್ಲದೆ ಬಂತು. ಆಗ್ಲೇ ಹಳೇ ಪ್ಯಾನಲ್ ಬಿಸಿ ಮಾಡಿ ಎತ್ತಿದ್ದು, ಫ್ರೇಮಿನ ಸುತ್ತ ಇದ್ದ ಹಳೇ ಅಂಟನ್ನ ಪ್ಲಾಸ್ಟಿಕ್ ತುದಿಯಲ್ಲಿ ಕೆರೆದು ಆಲ್ಕೋಹಾಲಲ್ಲಿ ಒರೆಸಿದ್ದು. ಇದಕ್ಕೆ ಬಹಳ ಹೊತ್ತು ಹಿಡೀತು, ಆದ್ರೆ ಒಂದು ಮೂಲೇಲಿ ಅಂಟಿನ ಉಂಡೆ ಉಳಿದ್ರೂ ಗಾಜಿನ ಮೇಲೆ ಅಲ್ಲೇ ಒತ್ತಡ ಬೀಳುತ್ತೆ. ಅಂಟು ಹಚ್ಚದೇ ಹೊಸ ಪ್ಯಾನಲ್ ಕೂರಿಸಿ ರಬ್ಬರ್ ಬ್ಯಾಂಡ್ ಹಾಕಿ ಪರೀಕ್ಷೆ ಮಾಡ್ದೆ.

ಇಲ್ಲಿ ಹೊಸ ತೊಂದರೆ. ಕೈಲಿ ಹಿಡ್ಕೊಂಡ್ರೆ ಸರಿ ಇದೆ. ಮೇಜಿನ ಮೇಲಿಟ್ಟು ಒಂದೇ ಬೆರಳಲ್ಲಿ ಒತ್ತಿದ್ರೆ ಗೆರೆ ನಡುಗುತ್ತೆ, ಎರಡು ಬೆರಳಿಟ್ರೆ ಮೂರನೇ ಕಡೆ ಒಂದು ಚುಕ್ಕೆ ತಾನೇ ಹುಟ್ಟುತ್ತೆ, ಚಾರ್ಜರ್ ಹಾಕಿದ್ರೆ ಸ್ಕ್ರೀನ್ ತುಂಬಾ ಚುಕ್ಕೆ.

ಮೊದಲು ಅನುಮಾನ ಬಂದಿದ್ದು ಫ್ರೇಮಿನ ಕೆಳಮೂಲೆ ಮೇಲೆ, ಬಿದ್ದ ಪೆಟ್ಟಿಗೆ ಅಲ್ಲಿ ಸ್ವಲ್ಪ ಒಳಕ್ಕೆ ಬಾಗಿತ್ತು. ಪ್ಯಾನಲ್ ತೆಗೆದು, ಬಟ್ಟೆ ಸುತ್ತಿದ ಇಕ್ಕಳದಲ್ಲಿ ಸ್ವಲ್ಪ ಸ್ವಲ್ಪವೇ ನೇರ ಮಾಡಿ, ಸ್ಕೇಲ್ ಇಟ್ಟು ನೋಡಿ ಮತ್ತೆ ಕೂರಿಸ್ದೆ. ಪ್ಯಾನಲ್ ಮೊದಲಿಗಿಂತ ಚೆನ್ನಾಗಿ ಕೂತಿತು, ನಡುಕ ಹೋಗ್ಲಿಲ್ಲ. ಕನೆಕ್ಟರ್ ಮತ್ತೆ ತೆಗೆದು ಹಾಕ್ದೆ, ಹೋಗ್ಲಿಲ್ಲ. ಪ್ಯಾನಲ್ಲೇ ಕೆಟ್ಟದ್ದು ಬಂದಿದೆ ಅಂತ ವಾಪಸ್ ಕಳಿಸೋಕೆ ಹಳೇ ಪ್ಯಾನಲ್ ಪಕ್ಕದಲ್ಲಿಟ್ಟು ಹೋಲಿಸಿ ನೋಡಿದಾಗ ಕಂಡಿದ್ದು: ಹಳೇದರ ಬೆನ್ನ ಮೇಲೆ, ಸ್ಟ್ರಿಪ್ ಮಡಚೋ ಜಾಗದ ಹತ್ರ, ಬೂದು ಬಣ್ಣದ ಬಟ್ಟೆಯಂಥ ಒಂದು ಟೇಪು. ಅರ್ಧ ಸ್ಟ್ರಿಪ್ಪಿನ ಮೇಲಿನ ಬೋಳು ತಾಮ್ರಕ್ಕೆ ಅಂಟಿದೆ, ಇನ್ನರ್ಧ ಫ್ರೇಮಿನ ಲೋಹಕ್ಕೆ ಅಂಟಿದ್ದದ್ದು ಪ್ಯಾನಲ್ ಕೀಳೋವಾಗ ಕಿತ್ಕೊಂಡು ಬಂದಿದೆ. ಅದು ಬರೀ ಅಂಟಿಸೋ ಟೇಪಲ್ಲ, ಕರೆಂಟ್ ಹರಿಯೋ ಟೇಪು, ಡಿಸ್‌ಪ್ಲೇಗೆ ಫ್ರೇಮಿನಿಂದ ಗ್ರೌಂಡ್, ಅಂದ್ರೆ ವಿದ್ಯುತ್ ಗಲಾಟೆ ಹರಿದು ಹೋಗೋ ದಾರಿ, ಕೊಡೋದು. ಹೊಸ ಪ್ಯಾನಲ್ಲಲ್ಲಿ ತಾಮ್ರದ ಜಾಗ ಇತ್ತು, ಟೇಪ್ ಇರ್ಲಿಲ್ಲ. ಕೈಲಿ ಹಿಡಿದಾಗ ನಮ್ಮ ಮೈಯೇ ಗ್ರೌಂಡಿನ ಕೆಲಸ ಮಾಡ್ತಿತ್ತು, ಅದಕ್ಕೇ ಹೊರಗಿಟ್ಟು ಕೈಲಿ ಹಿಡಿದು ಮಾಡಿದ ಪರೀಕ್ಷೆಯಲ್ಲಿ ಪಾಸಾಗಿದ್ದು.

ಹಳೇ ಟೇಪು ಅಂಟು ಬಿಟ್ಟಿತ್ತು, ಹಾಗಾಗಿ ಹೊಸ ಕಂಡಕ್ಟಿವ್ ಟೇಪ್ ತರಿಸಿ ಅದೇ ಅಳತೆಗೆ ಕತ್ತರಿಸಿ ಅದೇ ಜಾಗಕ್ಕೆ ಹಾಕ್ದೆ, ಮಲ್ಟಿಮೀಟರನ್ನ ಬೀಪ್ ಮೋಡಲ್ಲಿಟ್ಟು ಒಂದು ಕಡ್ಡಿ ಸ್ಟ್ರಿಪ್ಪಿನ ತಾಮ್ರಕ್ಕೆ ಇನ್ನೊಂದು ಫ್ರೇಮಿಗೆ ಮುಟ್ಟಿಸಿ ಬೀಪ್ ಬರುತ್ತೆ ಅಂತ ನೋಡ್ಕೊಂಡೆ. ಮೇಜಿನ ಮೇಲಿಟ್ಟು ಚಾರ್ಜರ್ ಹಾಕಿ ಒತ್ತಿದೆ, ಗೆರೆ ಅಲುಗಾಡ್ಲಿಲ್ಲ. ಡಿಸ್‌ಪ್ಲೇ ಬದಲಾಯಿಸಿದ್ಮೇಲೆ ಘೋಸ್ಟ್ ಟಚ್ ಶುರುವಾಯ್ತು ಅನ್ನೋರು ಪ್ಯಾನಲ್ ಬೈಯೋಕೆ ಮುಂಚೆ ಹಳೇದರ ಬೆನ್ನ ಮೇಲೆ ಏನೇನು ಅಂಟಿತ್ತು ಅಂತ ದಯವಿಟ್ಟು ನೋಡಿ, ಕನೆಕ್ಟರ್ ಮೇಲೆ ಕೂರೋ ಲೋಹದ ತಗಡು ಮತ್ತು ಅದರ ಸ್ಕ್ರೂಗಳೂ ಎಷ್ಟೋ ಸಲ ಗ್ರೌಂಡಿನ ದಾರಿಯೇ ಆಗಿರ್ತವೆ, ಒಂದು ಸ್ಕ್ರೂ ಉಳೀತು ಅಂತ ಬಿಡ್ಬೇಡಿ.

ಹಂತ 6: ಅಂಟು, ಕೊನೇ ಪರೀಕ್ಷೆ

ಬಿ-7000 ಅಂಟನ್ನ ಫ್ರೇಮಿನ ಅಂಚಿಗೆ ತೆಳ್ಳಗೆ ಒಂದೇ ಎಳೆ, ಸ್ಪೀಕರ್ ಜಾಲರಿ ಹತ್ರ ಇನ್ನೂ ತೆಳ್ಳಗೆ, ಅಲ್ಲಿ ಹೆಚ್ಚಾದ್ರೆ ಒಳಗೆ ಹರಿದು ಕಾಲಲ್ಲಿ ಧ್ವನಿ ಮಂಕಾಗುತ್ತೆ. ಕೂರಿಸಿ, ಉಕ್ಕಿದ್ದನ್ನ ಒರೆಸಿ, ರಬ್ಬರ್ ಬ್ಯಾಂಡ್ ಸುತ್ತಿ 24 ಗಂಟೆ ಮುಟ್ಟದೇ ಇಟ್ಟೆ. ಬ್ಯಾಂಡ್ ಬಹಳ ಬಿಗಿ ಬೇಡ, ಎಲ್‌ಸಿಡಿ ಮೇಲೆ ಬಿಳಿ ಮಚ್ಚೆ ಬೀಳುತ್ತೆ.

ಆಮೇಲೆ ಪಾಯಿಂಟರ್ ಲೊಕೇಶನ್ ಹಾಕಿ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಗೆರೆ ಎಳೆದೆ. ಐದು ಬೆರಳು ಒಟ್ಟಿಗೆ ಇಟ್ಟೆ, ಐದೇ ಚುಕ್ಕೆ ಬಂತು. ಚಾರ್ಜರ್ ಹಾಕಿ, ಮೇಜಿನ ಮೇಲೆ, ಕೈಯಲ್ಲಿ, ಪೌಚ್ ಹಾಕಿ ತೆಗೆದು ಎಲ್ಲಾ ನೋಡ್ದೆ. ಕಾಲ್ ಮಾಡಿ ಕಿವಿ ಹತ್ರ ಹಿಡಿದಾಗ ಸ್ಕ್ರೀನ್ ಆಫ್ ಆಗುತ್ತಾ ಅಂತ ನೋಡ್ದೆ, ಸೆನ್ಸರ್ ಸುತ್ತ ಇರೋ ಕಪ್ಪು ಸ್ಪಂಜನ್ನ ಹಳೇದರಿಂದ ಸಾಗಿಸ್ದೇ ಇದ್ರೆ ಅದು ಕೈ ಕೊಡುತ್ತೆ. ಪಿನ್, ಫಿಂಗರ್‌ಪ್ರಿಂಟ್ ಮತ್ತೆ ಹಾಕ್ಸಿದೆ, ಡೆವಲಪರ್ ಆಪ್ಷನ್ಸೂ ಡೀಬಗ್ಗಿಂಗೂ ಆಫ್ ಮಾಡ್ದೆ.

ಅಕ್ಕನಿಗೆ ಕೊಡೋವಾಗ ಎರಡು ವಿಷಯ ಹೇಳಿದೀನಿ. ಕಂಪನಿಯ ಸೀಲ್ ಈಗಿಲ್ಲ, ಹಾಗಾಗಿ ನೀರಿನ ಹತ್ರ ಬೇಡ. ಎರಡನೇದು, ಸಿಸ್ಟಮ್ ಅಪ್‌ಡೇಟ್ ಬಂದ್ರೆ ತಕ್ಷಣ ಹಾಕೋದು ಬೇಡ. 2018ರಲ್ಲಿ ಐಓಎಸ್ 11.3 ಬಂದಾಗ ಹೊರಗಿನ ಡಿಸ್‌ಪ್ಲೇ ಹಾಕಿಸಿದ್ದ ಕೆಲವು ಐಫೋನ್ 8ಗಳ ಟಚ್ ನಿಂತೇಹೋಗಿತ್ತು, 11.3.1 ಬಂದ್ಮೇಲೆ ಸರಿಯಾಯ್ತು. ಈ ಫೋನಿನ ಆಟೋ ಅಪ್‌ಡೇಟ್ ಆಫ್ ಮಾಡಿದೀನಿ, ಇದೇ ತರದ ಪ್ಯಾನಲ್ ಹಾಕಿರೋರು ಅಪ್‌ಡೇಟ್ ಮಾಡಿ ಟಚ್ ಸರಿ ಇದೆ ಅಂದ್ಮೇಲೆ ಹಾಕೋಣ ಅಂತಿದೀವಿ.